ಚಿತ್ರಕಲೆ ಎಲ್ಲೂ ಕಲಿತಿಲ್ಲ, ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯೋ ಆಸೆ. ಎಲ್ಲಿಂದ ಶುರು ಮಾಡಲಿ?

ಪೀಣ್ಯ_ಪೆನ್ಸಿಲ್:

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಅಕೌಂಟ್ಸ್ ನೋಡ್ಕೋತೀನಿ, ಓದಿದ್ದು ಬಿ.ಕಾಂ. ಹೈಸ್ಕೂಲಲ್ಲಿ ಡ್ರಾಯಿಂಗ್ ಲೋಯರ್ ಗ್ರೇಡ್ ಪಾಸಾಗಿದ್ದು ಬಿಟ್ಟರೆ ಚಿತ್ರ ಅಂತ ಯಾರ ಹತ್ತಿರಾನೂ ಕಲಿತಿಲ್ಲ. ಆದ್ರೆ ಕೈ ಸುಮ್ಮನಿರಲ್ಲ. ಮೆಟ್ರೋದಲ್ಲಿ ತೂಕಡಿಸೋರನ್ನ ನೋಡಿಕೊಂಡು ಬಂದು, ರಾತ್ರಿ ಊಟ ಆದಮೇಲೆ ನೆನಪಿಂದ ಬರೀತೀನಿ. ಕನ್ನಡದ ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡಬೇಕು ಅನ್ನೋದು ಆಸೆ.

ಯೂಟ್ಯೂಬಲ್ಲಿ ಅನಾಟಮಿ (ಮೈಯ ರಚನೆ) ಮೊದಲು ಅಂತ ಒಬ್ಬರು, ಪರ್ಸ್ಪೆಕ್ಟಿವ್ (ದೂರ-ಹತ್ತಿರ ಕಾಣಿಸೋ ರೀತಿ) ಮೊದಲು ಅಂತ ಇನ್ನೊಬ್ಬರು. ಸಾಲ ಮಾಡಿ ಐಪ್ಯಾಡ್ ತಗೊಳ್ಳೋದಾ, ಕಾಗದದಲ್ಲೇ ಇರೋದಾ? ಇನ್‌ಸ್ಟಾಗ್ರಾಮಲ್ಲಿ ಹಾಕಿದ್ರೆ ಸ್ನೇಹಿತರ ಲೈಕ್ ಬಿಟ್ಟು ಏನೂ ಬರ್ತಿಲ್ಲ, ಅದಕ್ಕೆ ಹಾಕೋದೇ ನಿಲ್ಲಿಸಿದ್ದೀನಿ. ಕಾಲೇಜಿಗೆ ಹೋಗದೇ ಈ ಕೆಲಸಕ್ಕೆ ಬಂದವರು ಯಾರಾದ್ರೂ ಇದ್ದರೆ, ನೀವು ಹೇಗೆ ಕಲಿತಿರಿ ಹೇಳಿ.

ಸುಲ್ತಾನ್‌ಪೇಟೆ_ಅಕ್ಕ:

ನಾನು ಬಂದದ್ದು ಲಗ್ನಪತ್ರಿಕೆ ಅಂಗಡಿಯಿಂದ. ಪಿಯುಸಿ ಮುಗಿಸಿ ಸುಲ್ತಾನ್‌ಪೇಟೆಯ ಒಂದು ಪ್ರೆಸ್ಸಲ್ಲಿ ಡಿಟಿಪಿಗೆ, ಅಂದ್ರೆ ಕಂಪ್ಯೂಟರಲ್ಲಿ ಪುಟ ಜೋಡಿಸೋ ಕೆಲಸಕ್ಕೆ ಸೇರಿದೆ. ನುಡಿ ಸಾಫ್ಟ್‌ವೇರಲ್ಲಿ ಅಕ್ಷರ ಜೋಡಿಸೋದು, ಕೋರೆಲ್‌ಡ್ರಾದಲ್ಲಿ ಗಣಪತಿ, ವಾಲಗದವರು, ಬಾಳೆಕಂಬ, ಅಂಚಿಗೆ ಬಳ್ಳಿ. ಇವತ್ತು ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡಿಯೇ ಮನೆ ನಡೀತಿದೆ. ನನ್ನ ಚಿತ್ರದಲ್ಲಿ ಇದು ಇವಳದ್ದೇ ಅಂತ ಜನ ಏನನ್ನ ಗುರುತಿಸ್ತಾರೋ ಅದು ಬಂದದ್ದು ಆ ಅಂಗಡಿಯಿಂದಲೇ. ಸ್ಕ್ರೀನ್ ಪ್ರಿಂಟಿಂಗಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನ್ ಬೇಕು, ಬಣ್ಣ ಹೆಚ್ಚಿದಷ್ಟೂ ಗಿರಾಕಿಗೆ ಖರ್ಚು. ಹಾಗಾಗಿ ಕುಂಕುಮದ ಕೆಂಪು, ಚಿನ್ನದ ಬಣ್ಣ, ಮಿಕ್ಕಿದ್ದೆಲ್ಲ ಕಾಗದದ ಬಣ್ಣ. ಅಷ್ಟರಲ್ಲೇ ಮದುವೆಮನೆಯ ಸಡಗರ ಕಾಣಬೇಕು ಅಂದ್ರೆ ಎಲ್ಲಿ ಖಾಲಿ ಬಿಡಬೇಕು ಅನ್ನೋದು ಕೈಗೆ ತಾನಾಗೇ ಬರುತ್ತೆ. ಈಗಲೂ ಪ್ರತಿ ಪುಟವನ್ನೂ ಮೊದಲು ಎರಡು ಬಣ್ಣದಲ್ಲೇ ಯೋಚಿಸ್ತೀನಿ. ಅದರಲ್ಲಿ ಕಥೆ ನಿಂತ ಮೇಲೆ ಮೂರನೆಯದು.

ಅದಕ್ಕೇ ನಿಮಗೆ ಹೇಳೋದು, ಪೀಣ್ಯ ಬರೀರಿ. ಕಬ್ಬನ್ ಪಾರ್ಕು, ವಿಧಾನಸೌಧ, ಲಾಲ್‌ಬಾಗಿನ ಗಾಜಿನಮನೆ ಬರೆಯೋಕೆ ಊರೆಲ್ಲ ಇದೆ. ಲೇತ್ (ಲೋಹ ತಿರುಗಿಸಿ ಕೊರೆಯೋ ಯಂತ್ರ) ಮುಂದೆ ನಿಂತವರು ಒಂದೇ ಕಾಲಿಗೆ ಭಾರ ಬಿಟ್ಟು ನಿಲ್ಲೋ ರೀತಿ, ಎಣ್ಣೆ ಮೆತ್ತಿದ ಕೈ ಬಟ್ಟೆಗೆ ತಾಗದ ಹಾಗೆ ಮೊಣಕೈಯಿಂದ ಬೆವರು ಒರೆಸೋದು, ಶಿಫ್ಟ್ ಬಿಟ್ಟಾಗ ಗೇಟಿನ ಹತ್ತಿರದ ಟೀ ಅಂಗಡಿ, ಸೈಕಲ್ಲಿಗೆ ನೇತುಹಾಕಿದ ಟಿಫನ್ ಕ್ಯಾರಿಯರ್, ಇದನ್ನೆಲ್ಲ ದಿನಾ ನೋಡೋರು ನೀವು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಅಪ್ಪ ರೈತ ಆಗಿರ್ತಾನೆ, ಇಲ್ಲಾ ರಾಜ. ಲೇತ್ ಆಪರೇಟರ್ ಮಗಳಿಗೆ ತನ್ನ ಮನೆ ಪುಸ್ತಕದಲ್ಲಿ ಸಿಗೋದು ಅಪರೂಪ. ಅವಳಿಗೋಸ್ಕರ ಬರೀರಿ.

ಅನಾಟಮಿಯಾ ಪರ್ಸ್ಪೆಕ್ಟಿವಾ ಅಂದ್ರೆ, ಎದುರಿಗಿರೋದು ಯಾವುದನ್ನ ಕೇಳುತ್ತೋ ಅದು. ಲೇತಲ್ಲಿ ಲೋಹ ಹಿಡಿಯೋ ದುಂಡು ಭಾಗ, ಆ ಚಕ್ಕನ್ನ ಓರೆಯಿಂದ ನೋಡಿದಾಗ ದುಂಡಗೆ ಕಾಣಲ್ಲ, ಮೊಟ್ಟೆಯಾಕಾರ ಆಗುತ್ತೆ. ಅದನ್ನ ಸರಿಯಾಗಿ ಕೂರಿಸೋವಾಗ ಪರ್ಸ್ಪೆಕ್ಟಿವ್ ಕಲಿತಿರ್ತೀರಿ. ಸಾಲಾಗಿರೋ ಶೆಡ್‌ಗಳನ್ನ ಬರೀವಾಗ ಮೊದಲು ನಿಮ್ಮ ಕಣ್ಣಿನ ಮಟ್ಟಕ್ಕೆ ಒಂದು ಗೆರೆ ಎಳೀರಿ. ಅದಕ್ಕಿಂತ ಮೇಲಿರೋ ಸೂರಿನ ಗೆರೆ ದೂರ ಹೋಗ್ತಾ ಕೆಳಗಿಳಿಯುತ್ತೆ, ಕೆಳಗಿರೋ ರಸ್ತೆಯ ಗೆರೆ ಮೇಲೇರುತ್ತೆ. ಮೈಸೂರಲ್ಲಿ ಬೆಳೆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬೈನ ಜೆ.ಜೆ. ಕಲಾಶಾಲೆ ಸೀಟು ಕೊಡಲಿಲ್ಲ. ಅವರು ಹುಡುಗನಾಗಿದ್ದಾಗಿಂದ ಬರೆದದ್ದು ಕಿಟಕಿಯಾಚೆ ಕಾಣೋ ಒಣ ಕಡ್ಡಿ, ಸೌದೆ ಒಡೆಯೋ ಆಳು, ಮಾಡಿನ ಮೇಲಿನ ಕಾಗೆ. ಆ ಕಾಗೆಗಳು ಕೊನೇವರೆಗೂ ಅವರ ಜೊತೆಗಿದ್ದವು. ನಮ್ಮ ರುಮಾಲೆ ಚನ್ನಬಸವಯ್ಯನವರು ಬೆಂಗಳೂರಿನ ಹೂಮರಗಳನ್ನ ಮರದ ಎದುರೇ ನಿಂತು ಬರೆದವರು. ಅವರ ಗುಲ್‌ಮೊಹರ್ ಕೆಂಪನ್ನ ಒಂದ್ಸಲ ಹತ್ತಿರದಿಂದ ನೋಡಿ, ಮೊಬೈಲಲ್ಲಿ ಆ ದಪ್ಪ ಬಣ್ಣ ಕಾಣಲ್ಲ.

ನೆನಪಿಂದ ಬರೆಯೋದನ್ನ ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಚಿತ್ರಪುಸ್ತಕದಲ್ಲಿ ಒಂದೇ ಹುಡುಗಿ ಪ್ರತಿ ಪುಟದಲ್ಲೂ ಬರಬೇಕು. ಹಿಂದಿನಿಂದ, ಮೇಲಿಂದ, ಓಡ್ತಾ, ಅಳ್ತಾ. ಅಲ್ಲಿ ನೋಡಿ ಬರೆಯೋಕೆ ಯಾರೂ ಇರಲ್ಲ. ನೀವು ರಾತ್ರಿ ಮಾಡ್ತಿರೋದೇ ಆ ಅಭ್ಯಾಸ. ಒಂದು ಸೇರಿಸಿಕೊಳ್ಳಿ: ನೆನಪಿಂದ ಬರೆದ ಮೇಲೆ ಮರುದಿನ ಅದೇ ಭಂಗಿಯನ್ನ ಮತ್ತೆ ನೋಡಿ, ಪಕ್ಕದಲ್ಲೇ ಇನ್ನೊಮ್ಮೆ ಬರೀರಿ.

ಸಾಲ ಖಂಡಿತ ಬೇಡ. ಅವೆನ್ಯೂ ರೋಡಲ್ಲಿ ಒಂದು ನೋಟ್‌ಬುಕ್ ತಗೊಳ್ಳಿ, ಪಿಗ್ಮೆಂಟ್ ಇಂಕಿನ ಪೆನ್ ತಗೊಳ್ಳಿ. ಮಾಮೂಲಿ ಫೌಂಟನ್ ಪೆನ್ ಇಂಕಿನ ಮೇಲೆ ವಾಟರ್‌ಕಲರ್ ಹಚ್ಚಿದರೆ ಗೆರೆ ಕದಡುತ್ತೆ, ಒಣಗಿದ ಪಿಗ್ಮೆಂಟ್ ಇಂಕ್ ಕದಡಲ್ಲ. ನೀರು ಹಚ್ಚೋದಾದ್ರೆ 300 ಜಿಎಸ್‌ಎಂನ ದಪ್ಪ ಕಾಗದ. ಕಂಪ್ಯೂಟರಲ್ಲಿ ಮಾಡೋ ಆಸೆ ಇದ್ರೆ ಕೃತಾ (Krita) ಅನ್ನೋ ಚಿತ್ರ ಬರೆಯೋ ಸಾಫ್ಟ್‌ವೇರ್ ಉಚಿತ, ಈಗಿರೋ ಲ್ಯಾಪ್‌ಟಾಪಿಗೆ ಸ್ಕ್ರೀನ್ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಸಾಕು.

ಇನ್ನು ಆನ್‌ಲೈನ್ ವಿಷಯ. ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಗುರುಗಳು ಸಿಕ್ಕಿದ್ದೇ ಅಲ್ಲಿ. ಗಾಂಧಿಬಜಾರಲ್ಲಿ ಹೂ ಕಟ್ಟೋ ಅಮ್ಮಂದಿರ ಕೈ ಬರೀತಿದ್ದೆ. ಬೆರಳು ಅಷ್ಟು ಬೇಗ ಓಡುತ್ತೆ, ಕಣ್ಣಿಗೆ ಸಿಗಲ್ಲ. ಅರ್ಧ ಆದ ಪೆನ್ಸಿಲ್ ಸ್ಕೆಚ್ಚನ್ನೇ ಹಾಕಿ, "ಗಾಂಧಿಬಜಾರ್, ಬೆಳಗಿನ ಹೊತ್ತು. ದಾರ ಯಾವ ಬೆರಳಿನ ಮೇಲೆ ಸುತ್ತುತ್ತೆ, ಗೊತ್ತಿರೋರು ಹೇಳ್ತೀರಾ?" ಅಂತ ಕನ್ನಡದಲ್ಲೇ ಬರೆದೆ. ಹೂ ಮಾರೋ ಮನೆಯಲ್ಲಿ ಬೆಳೆದ ಒಬ್ಬ ಹೆಣ್ಣುಮಗಳು ಅಮ್ಮನ ಕೈಯ ವಿಡಿಯೋ ಮಾಡಿ ಕಳಿಸಿದಳು. ಎಡಗೈ ಹೆಬ್ಬೆರಳು ತೋರುಬೆರಳ ನಡುವೆ ಮೊಗ್ಗಿನ ಜೋಡಿ, ಒಂದು ಜೋಡಿಯ ತಲೆ ಈ ಕಡೆ, ಇನ್ನೊಂದರದ್ದು ಆ ಕಡೆ, ಬಲಗೈ ದಾರದಲ್ಲಿ ಕುಣಿಕೆ ಹಾಕಿ ಎಳೆಯೋದು. ಬಾಳೆನಾರಾದ್ರೆ ಮೊದಲು ನೀರಲ್ಲಿ ನೆನೆಸಬೇಕು ಅಂತ ಇನ್ನೊಬ್ಬರು. ಯಾವ ಕಾಲೇಜಲ್ಲಿ ಈ ಪಾಠ ಇದೆ? ಆಮೇಲೆ ಕೈಗಳ ಸರಣಿಯನ್ನೇ ಮಾಡಿದೆ, ಕ್ಷೌರದವರದ್ದು, ಹೋಳಿಗೆ ತಟ್ಟೋರದ್ದು, ಬಸ್ಸಿನ ಕಂಡಕ್ಟರದ್ದು. ಒಬ್ಬ ಸಂಪಾದಕರು ಅದನ್ನ ನೋಡಿ ಮೊದಲ ಪುಸ್ತಕ ಕೊಟ್ಟರು. ಆ ಹೂವಿನ ಚಿತ್ರಕ್ಕೆ ಬಂದ ಲೈಕ್ ಎಷ್ಟು ಅಂತ ನೆನಪಿಲ್ಲ.

ಹಾಗಾಗಿ ನಿಲ್ಲಿಸಬೇಡಿ. ಜಾಗದ ಹೆಸರು ಬರೀರಿ, ಒಂದು ನಿಜವಾದ ಪ್ರಶ್ನೆ ಕೇಳಿ, ಮುಗಿಯದ ಚಿತ್ರವನ್ನೂ ಹಾಕಿ. ಅಕ್ಟೋಬರ್ ಪೂರ್ತಿ ದಿನಕ್ಕೊಂದು ಇಂಕ್ ಚಿತ್ರ ಅನ್ನೋ ಇಂಕ್‌ಟೋಬರ್ ಇದೆಯಲ್ಲ, 2009ರಲ್ಲಿ ಜೇಕ್ ಪಾರ್ಕರ್ ಶುರುಮಾಡಿದ್ದು, ಅದೂ ಒಳ್ಳೇದೇ. ಅವರು ಕೊಡೋ ಪದಗಳ ಬದಲು ನಿಮ್ಮ ಫ್ಯಾಕ್ಟರಿಯ ಪದಗಳನ್ನ ಇಟ್ಟುಕೊಳ್ಳಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೂ ಹೋಗಿ ಬನ್ನಿ. ಮಧ್ಯಾಹ್ನ ಕಾಲಿಡೋಕೆ ಜಾಗ ಇರಲ್ಲ, ಬೆಳಿಗ್ಗೆ ಬೇಗ ಹೋದ್ರೆ ಕಲಾವಿದರು ಕೂತು ಮಾತಾಡ್ತಾರೆ.

ಪ್ಲೇಟ್_ಮೇಕರ್:

ಅಕ್ಕ ಹೇಳಿದ್ದಕ್ಕೆ ಪ್ರೆಸ್ ಕಡೆಯಿಂದ ಒಂಚೂರು. ಸ್ಕ್ಯಾನ್ 300 ಡಿಪಿಐಗೆ (ಇಂಚಿಗೆ ಇಷ್ಟು ಚುಕ್ಕೆ ಅನ್ನೋ ಲೆಕ್ಕ) ಕಮ್ಮಿ ಬೇಡ, ಬರೀ ಕಪ್ಪು ಗೆರೆಯ ಕೆಲಸ ಆದ್ರೆ 600. ಎ5 ಪುಟಕ್ಕೆ 300 ಡಿಪಿಐ ಅಂದ್ರೆ 1748 × 2480 ಪಿಕ್ಸೆಲ್. ಅದರ ಸುತ್ತ 3 ಮಿ.ಮೀ. ಹೆಚ್ಚುವರಿ ಬಣ್ಣ ಬಿಡಿ, ಕಟಿಂಗಲ್ಲಿ ಹೋಗುತ್ತೆ. ಸ್ಕ್ರೀನಲ್ಲಿ ಮಿಂಚೋ ಗಿಳಿಹಸಿರು, ಕಡುನೀಲಿ ಸಿಎಂವೈಕೆ (ನಾಲ್ಕು ಇಂಕಿನ) ಮುದ್ರಣದಲ್ಲಿ ಮಂಕಾಗುತ್ತೆ, ಮೊದಲೇ ಪರಿವರ್ತಿಸಿ ನೋಡಿ. ಆನ್‌ಲೈನಿಗೆ 1080 ಪಿಕ್ಸೆಲ್ ಅಗಲದ ಪ್ರತಿ ಸಾಕು. ದೊಡ್ಡ ಫೈಲ್ ಯಾರಿಗೂ ಸುಮ್ಮನೆ ಕಳಿಸಬೇಡಿ.

ಕರಾರು_ಓದಿ:

ಹಕ್ಕಿನ ವಿಷಯ ಯಾರೂ ಹೇಳಿಲ್ಲ, ಅದಕ್ಕೆ ಬರೀತಿದ್ದೇನೆ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರ ರಚನೆಯಾದ ಕ್ಷಣದಿಂದಲೇ ಹಕ್ಕು ಇದೆ, ನೋಂದಣಿ ಕಡ್ಡಾಯವಲ್ಲ. ನಿಮ್ಮ ಕಾಲದ ನಂತರವೂ 60 ವರ್ಷ ಇರುತ್ತದೆ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿ ನಿಮ್ಮ ಸಹಿ ಬೇಕು. ಅವಧಿ ಬರೆಯದಿದ್ದರೆ 5 ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು 19ನೇ ಸೆಕ್ಷನ್ ಹೇಳುತ್ತದೆ. ಆದರೆ 17ನೇ ಸೆಕ್ಷನ್ನನ್ನು ಗಮನಿಸಿ: ಹಣ ಕೊಟ್ಟು ಹೇಳಿ ಮಾಡಿಸಿದ ಪೇಂಟಿಂಗ್ ಅಥವಾ ಪೋರ್ಟ್ರೇಟ್ ಆದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲ ಹಕ್ಕುದಾರರು ಮಾಡಿಸಿದವರೇ. ಆದ್ದರಿಂದ ಕೆಲಸಕ್ಕೆ ಮುಂಚೆ ಬರೆದುಕೊಳ್ಳಿ. ಹಕ್ಕು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಹಕ್ಕು 57ನೇ ಸೆಕ್ಷನ್ನಿನಲ್ಲಿ ನಿಮಗೇ ಉಳಿಯುತ್ತದೆ.

ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ಜಾಲತಾಣ ನೋಡಿ. ಕನ್ನಡ ಕಥೆಗಳು ಬೇಕಾದಷ್ಟಿವೆ, ಚಿತ್ರಪುಸ್ತಕದಲ್ಲಿ ಪುಟ ಹೇಗೆ ತಿರುಗುತ್ತದೆ ಎಂದು ಕಲಿಯಲು ಒಳ್ಳೆಯ ಜಾಗ. ಅಲ್ಲಿರುವುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ, ಅಂದರೆ ಹೆಸರು ಹಾಕಿ ಯಾರು ಬೇಕಾದರೂ ಬಳಸಬಹುದು, ವ್ಯಾಪಾರಕ್ಕೂ.

ಪೀಣ್ಯ_ಪೆನ್ಸಿಲ್:

ಅಕ್ಕ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಊಟದ ಬಿಡುವಲ್ಲಿ ಲೇತ್ ಹತ್ತಿರ ಕೂತೆ, ಆಪರೇಟರ್ ಅಣ್ಣ ಚಕ್ ಹೇಗೆ ಹಿಡಿಯುತ್ತೆ ಅಂತ ತಾವೇ ತೋರಿಸಿದ್ರು. ಇನ್ನೊಂದು ಕೇಳ್ಬೇಕು. ಪರಿಚಯದವರೊಬ್ಬರು ಕವನಸಂಕಲನಕ್ಕೆ ಮುಖಪುಟ ಮಾಡಿಕೊಡಿ ಅಂತಿದ್ದಾರೆ. ದುಡ್ಡಿನ ಮಾತಿಲ್ಲ, ನಿಮ್ಮ ಹೆಸರು ಬರುತ್ತೆ ಅಂದ್ರು. ಬೇಜಾರಾಗದ ಹಾಗೆ ಏನು ಹೇಳಲಿ?

ಸುಲ್ತಾನ್‌ಪೇಟೆ_ಅಕ್ಕ:

ಹೆಸರು ಹಾಕೋದು ಅವರ ಕರ್ತವ್ಯ, ಅದು ಸಂಭಾವನೆ ಆಗಲ್ಲ. ಫೋನಲ್ಲಿ ಮಾತಾಡಬೇಡಿ, ಬರೆದು ಕಳಿಸಿ. ನಾನು ಕಳಿಸೋದು ಹೀಗೆ:

"ನಮಸ್ಕಾರ. ನಿಮ್ಮ ಪುಸ್ತಕಕ್ಕೆ ನನ್ನನ್ನು ಕೇಳಿದ್ದಕ್ಕೆ ಸಂತೋಷ. ಪುಸ್ತಕದ ಅಳತೆ, ಎಷ್ಟು ಪ್ರತಿ, ಯಾವ ತಾರೀಖಿಗೆ ಬೇಕು ತಿಳಿಸಿ. ಮುಖಪುಟಕ್ಕೆ ನನ್ನ ಸಂಭಾವನೆ ಇಷ್ಟು. ಅರ್ಧ ಸ್ಕೆಚ್ ಒಪ್ಪಿದಾಗ, ಉಳಿದದ್ದು ಫೈಲ್ ಕೊಡುವಾಗ. ಸ್ಕೆಚ್ ಹಂತದಲ್ಲಿ ಎರಡು ಸಲ ತಿದ್ದಿಕೊಡುತ್ತೇನೆ. ಚಿತ್ರ ಈ ಪುಸ್ತಕದ ಮುದ್ರಣಕ್ಕೆ ಮಾತ್ರ, ಕೃತಿಸ್ವಾಮ್ಯ ನನ್ನದು. ಒಳಪುಟದಲ್ಲಿ ಮುಖಪುಟ ಕಲಾವಿದರ ಹೆಸರು ಇರಲಿ."

"ಇಷ್ಟು" ಅನ್ನೋ ಜಾಗಕ್ಕೆ ಎಷ್ಟು ಹಾಕಬೇಕು ಅನ್ನೋದು ನಿಮ್ಮ ಲೆಕ್ಕದ ಕೆಲಸ. ನಿಮ್ಮ ಸಂಬಳವನ್ನ ಗಂಟೆಗೆ ಇಳಿಸಿ, ಎಷ್ಟು ಸಂಜೆ ಬೇಕು ನೋಡಿ, ಕಾಗದ, ಸ್ಕ್ಯಾನಿನ ಖರ್ಚು ಸೇರಿಸಿ. ಅದಕ್ಕಿಂತ ಕಮ್ಮಿಗೆ ಒಪ್ಪಬೇಡಿ. ಅವರು ಹೂಂ ಅಂತ ಬರೆದು ಕಳಿಸೋವರೆಗೂ ಸ್ಕೆಚ್ ತೋರಿಸಬೇಡಿ. ಆ ಲೇತಿನ ಚಿತ್ರವನ್ನ ಮಾತ್ರ ಇಲ್ಲಿ ಹಾಕಿ, ಆಪರೇಟರ್ ಅಣ್ಣನನ್ನ ಕೇಳಿಕೊಂಡು.