ಕತ್ತಲೆಯ ದಿನಗಳಲ್ಲಿ ದೇವರ ನಡೆಸುವಿಕೆ: ಮನೆಕೂಟದಲ್ಲಿ ಏನು ಓದಿಸಬೇಕು?

ಹೇಮಾವತಿತೀರ (ಸಕಲೇಶಪುರ):
ಸ್ತೋತ್ರ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಕೈಕೊಟ್ಟು ನಮ್ಮ ಮನೆಕೂಟದ (ಮನೆಯಲ್ಲಿ ಸೇರುವ ಪ್ರಾರ್ಥನಾ ಕೂಟದ) ಕುಟುಂಬಗಳು ಕಂಗಾಲಾಗಿವೆ. ತೋಟ ಇಟ್ಟುಕೊಳ್ಳಬೇಕೋ ಮಾರಬೇಕೋ ತಿಳಿಯದು, ಪ್ರಾರ್ಥಿಸಿದರೂ ಉತ್ತರವಿಲ್ಲ ಅನ್ನುತ್ತಾರೆ. ಕಣ್ಣುಮುಚ್ಚಿ ಬೈಬಲ್ ತೆರೆದು, ಬೆರಳಿಗೆ ಸಿಕ್ಕ ವಚನವನ್ನೇ ಅಪ್ಪಣೆ ಅಂದುಕೊಳ್ಳುವವರೂ ಇದ್ದಾರೆ. ಏನು ಓದಿಸಲಿ?

ವಾಕ್ಯದೀಪ (ಹಾಸನ):
ಬೈಬಲಿನ ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆಯಿಂದ ಶುರುಮಾಡಿ. ಇರುವುದೇ 6 ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ಎಂಬ ಅಳಲು 4 ಸಲ ಬರುತ್ತದೆ. 3–4ರಲ್ಲಿ ಬೇಡಿಕೆ, 5–6ರಲ್ಲಿ ಭರವಸೆ. ಮೊದಲ ಭಾಗ ಓದಿದ ಮೇಲೆ ನಿಲ್ಲಿಸಿ, ಪ್ರತಿಯೊಬ್ಬರೂ ತಮ್ಮ "ಎಷ್ಟರವರೆಗೆ"ಯನ್ನು ಒಂದು ವಾಕ್ಯದಲ್ಲಿ ದೇವರಿಗೇ ಹೇಳಲಿ. ಕೂಟ ನಡೆಸುವವರು ಸಾಮಾನ್ಯವಾಗಿ ಎಡವುವುದು ಇಲ್ಲೇ: ಅಳಲನ್ನು ಹಾರಿಸಿ ಸ್ತುತಿಗೆ ಓಡುತ್ತಾರೆ, ನೊಂದವರು ಬಾಯಿ ಮುಚ್ಚಿಕೊಳ್ಳುತ್ತಾರೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಆದರೂ ಅದರ ಮೊದಲ ಮಾತು ದೇವರನ್ನು ರಕ್ಷಕನೆಂದೇ ಕರೆಯುತ್ತದೆ. ಬೆಳಕು ಕಾಣದಾಗ ಹಾಗೆ ಕರೆಯುವುದೂ ನಂಬಿಕೆಯೇ.

ಗಿರಿಯಂಚು (ಚಿಕ್ಕಮಗಳೂರು):
ಬೆರಳಿಟ್ಟು ವಚನ ಆರಿಸುವುದನ್ನು ದಯವಿಟ್ಟು ಬಿಡಿಸಿ. ಹಿಂದುಮುಂದಿಲ್ಲದ ವಚನಕ್ಕೆ ನಮ್ಮ ಭಯವೋ ಆಸೆಯೋ ಅರ್ಥ ತುಂಬುತ್ತದೆ. ಇಸ್ರಾಯೇಲಿನ ನಾಯಕ ಗಿದ್ಯೋನನು ಉಣ್ಣೆ ಇಟ್ಟು ದೇವರಿಂದ ಗುರುತು ಕೇಳಿದ್ದನ್ನು ಉದಾಹರಿಸುತ್ತಾರೆ, ಆದರೆ ನ್ಯಾಯಸ್ಥಾಪಕರು 6ರಲ್ಲಿ ಅವನಿಗೆ ಆಜ್ಞೆ ಮೊದಲೇ ಸಿಕ್ಕಿತ್ತು, ಉಣ್ಣೆ ಇಟ್ಟದ್ದು ಆಮೇಲೆ.

ಯೆಶಾಯ 50:10–11 ಓದಿಸಿ. ಬೆಳಕಿಲ್ಲದೆ ನಡೆಯುವವನು ದೇವರಲ್ಲಿ ಭರವಸವಿಡಲಿ ಎನ್ನುತ್ತದೆ, ತಾನೇ ಬೆಂಕಿ ಹೊತ್ತಿಸಿಕೊಂಡು ಅದರ ಬೆಳಕಲ್ಲಿ ನಡೆಯುವವರನ್ನು ಎಚ್ಚರಿಸುತ್ತದೆ. ಯೇಸುಸಭೆಯ (ಜೆಸ್ವಿಟ್) ಸ್ಥಾಪಕ, ಲೊಯೋಲದ ಸಂತ ಇಗ್ನೇಷಿಯಸ್ ಕೊಟ್ಟ ನಿಯಮವೂ ಇದಕ್ಕೆ ಹತ್ತಿರ: ಮನಸ್ಸು ಬರಡಾದಾಗ ಹಿಂದಿನ ತೀರ್ಮಾನ ಬದಲಿಸಬೇಡಿ, ಪ್ರಾರ್ಥನೆ ಹೆಚ್ಚಿಸಿ. ಬ್ಯಾಂಕಿನ ಗಡುವು ಕಾಯುವುದಿಲ್ಲ, ನಿಜ. ಹಾಗಿದ್ದಲ್ಲಿ ಸಾಲ, ಬಡ್ಡಿ, ವರ್ಷದ ಖರ್ಚು ಒಂದು ಹಾಳೆಯಲ್ಲಿ ಬರೆದು, ಆ ಮಾರಾಟದಲ್ಲಿ ಲಾಭವಿಲ್ಲದ ಇಬ್ಬರು ಹಿರಿಯರ ಮುಂದಿಟ್ಟು ಪ್ರಾರ್ಥಿಸಲಿ. ಗಡುವು ಇರುವ ಕಂತಿನ ಬಗ್ಗೆ ಮಾತ್ರ ಈಗ ನಿರ್ಧರಿಸಿದರೆ ಸಾಕು.

ಹೇಮಾವತಿತೀರ:
ಉಪಕಾರವಾಯಿತು. ಊಟ, ನಿದ್ದೆಯನ್ನೇ ಬಿಟ್ಟವರಿದ್ದರೆ?

ವಾಕ್ಯದೀಪ:
1 ಅರಸುಗಳು 19 ನೋಡಿ. ಸಾಯಬೇಕೆಂದು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮಲಗಲು ಬಿಟ್ಟು, ಮತ್ತೆ ಎಬ್ಬಿಸಿ ಉಣಿಸಿದನು. ಹೋರೇಬ್ ಬೆಟ್ಟದಲ್ಲಿ ದೇವರ ಮೃದುವಾದ ಧ್ವನಿ ಅವನಿಗೆ ಕೇಳಿಸಿದ್ದು ಅದಾದ ಮೇಲೆ. ಆದ್ದರಿಂದ ಮೊದಲು ಅವರ ಮನೆಗೆ ಅಡುಗೆ ಒಯ್ಯಿರಿ. ಎರಡು ವಾರವಾದರೂ ನಿದ್ದೆ ಬಾರದಿದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸಾವಿನ ಮಾತಾಡಿದರೆ ಅಂದೇ ಹೋಗಿ, ಒಂಟಿಯಾಗಿ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.