ವಕೀಲರಿಗೆ ಕೇಳಿ: ಅಪ್ಪನ ಮನೆ ಸಾಮಾನಿಗೆ ಬೆಲೆ ಕಟ್ಟೋದು ಹೇಗೆ?

ಪ್ರಶ್ನೆ (ಬ್ರಹ್ಮಪುರ, ಕಲಬುರಗಿ):

ನಮಸ್ಕಾರ ಮೇಡಂ. ನಮ್ಮ ಅಪ್ಪ ತೀರಿಕೊಂಡು 10 ತಿಂಗಳಾಯಿತು. ಹೈಸ್ಕೂಲ್ ಮಾಸ್ತರರಾಗಿದ್ದರು, ಊರಲ್ಲಿ ಸ್ವಲ್ಪ ಹೊಲವೂ ಇದೆ. ವಿಲ್ ಬರೆದಿಟ್ಟು, ಅದನ್ನು ನಡೆಸಿಕೊಡೋ ಜವಾಬ್ದಾರಿ ನನಗೆ ವಹಿಸಿದ್ದಾರೆ. ಅವ್ವ ಇದ್ದಾರೆ, ನಾವು ಮೂವರು ಮಕ್ಕಳು. ಸಣ್ಣ ತಮ್ಮನಿಗೆ ವಿಲ್ ಮೇಲೆ ಅನುಮಾನ. ಅದಕ್ಕೇ ಪ್ರೊಬೇಟ್ ಮಾಡಿಸೋಣ, ಅಂದರೆ ವಿಲ್ ಸರಿಯಾಗಿದೆ ಅಂತ ಕೋರ್ಟಿನಿಂದ ದೃಢಪಡಿಸಿಕೊಳ್ಳೋಣ ಅಂತ ನಮ್ಮ ವಕೀಲರು ಹೇಳಿದರು. ಈಗ ಮನೆಯಲ್ಲಿರೋ ಸಾಮಾನಿನ ಪಟ್ಟಿ ಬೆಲೆ ಸಮೇತ ಬೇಕಂತೆ.

ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ಸಾಗವಾನಿ ಮಂಚ, ಎರಡು ಕಪಾಟು, ಫ್ರಿಜ್, ತಾಮ್ರದ ಹಂಡೆ, ಅಪ್ಪನ ಬೈಕು, ಮೂರು ಕಪಾಟಿನಷ್ಟು ಪುಸ್ತಕ. ಲಾಕರಿನಲ್ಲಿ ಅವ್ವನ ಬೋರಮಾಳ, ಪಾಟ್ಲಿ, ಬಿಲ್ವರ. ಅಪ್ಪನ ಇಷ್ಟಲಿಂಗ ಅಪ್ಪನ ಜೊತೆಗೇ ಹೋಯಿತು, ಅದನ್ನಿಡೋ ಬೆಳ್ಳಿ ಕರಡಿಗೆ ಮಾತ್ರ ದೇವರ ಜಗಲಿ ಮೇಲಿದೆ. ಅದಕ್ಕೂ ಬೆಲೆ ಹಾಕಬೇಕಾ? ಬೆಲೆ ಜಾಸ್ತಿ ತೋರಿಸಿದರೆ ಟ್ಯಾಕ್ಸ್ ಬೀಳುತ್ತೆ ಅಂತ ದೊಡ್ಡ ತಮ್ಮ ಹೆದರಿಸುತ್ತಿದ್ದಾನೆ.

ವಕೀಲರ ಉತ್ತರ:

ಅಕ್ಕಾ, ಮೊದಲು ಬೆಲೆ ಬಿಡಿ. ಒಂದೊಂದು ವಸ್ತುವನ್ನೂ ಮುಂದಿಟ್ಟುಕೊಂಡು ಇದು ಯಾರದ್ದು ಅಂತ ಕೇಳಿ. ಈ ಕೆಲಸದಲ್ಲಿ ಅರ್ಧ ಜಗಳ ಬರೋದೇ ಇಲ್ಲಿ.

ಅವ್ವನ ಬೋರಮಾಳ, ಪಾಟ್ಲಿ, ಬಿಲ್ವರ ಅಪ್ಪನ ಆಸ್ತಿ ಅಲ್ಲ. ತವರಿನಿಂದ ಬಂದದ್ದು, ಮದುವೆಯಲ್ಲಿ ಹಾಕಿದ್ದು, ಅಪ್ಪನೇ ಪ್ರೀತಿಯಿಂದ ಮಾಡಿಸಿ ಕೊಟ್ಟದ್ದು, ಇದೆಲ್ಲ ಅವ್ವನ ಸ್ತ್ರೀಧನ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಅದಕ್ಕೆ ಅವರೇ ಪೂರ್ಣ ಒಡತಿ. ಅಪ್ಪನ ವಿಲ್‌ನಲ್ಲಿ ಅದನ್ನು ಯಾರಿಗೆ ಬರೆದಿದ್ದರೂ ನಡೆಯೋದಿಲ್ಲ. ಲಾಕರ್ ಅಪ್ಪ-ಅವ್ವ ಇಬ್ಬರ ಹೆಸರಲ್ಲಿದೆ ಅಂದ ಮಾತ್ರಕ್ಕೆ ಒಳಗಿನ ಬಂಗಾರ ಇಬ್ಬರದ್ದೂ ಆಗೋದಿಲ್ಲ. ಅಪ್ಪ ತಾವು ಉಳಿತಾಯಕ್ಕೆ ಅಂತ ಕೊಂಡಿಟ್ಟ ನಾಣ್ಯ, ಅವರ ಉಂಗುರ, ಅವರ ಸರ ಇದ್ದರೆ ಅವು ಅಪ್ಪನವು. ಅಷ್ಟನ್ನೇ ಪಟ್ಟಿಗೆ ಸೇರಿಸಿ. ಅವ್ವನ ಒಡವೆಗೆ ಬೇರೆ ಹಾಳೆ ಮಾಡಿ ಮೂವರು ಮಕ್ಕಳೂ ಸಹಿ ಹಾಕಿಬಿಡಿ. ಇದು ಕೋರ್ಟಿಗೆ ಬೇಕು ಅಂತಲ್ಲ, ನಾಳೆ ಯಾರೂ ಅವ್ವನನ್ನು ಕೇಳಬಾರದು ಅಂತ.

ಫ್ರಿಜ್ ಹಿರಿಮಗನ ಸಂಬಳದಲ್ಲಿ ಬಂದಿದ್ದರೆ ಅದೂ ಅಪ್ಪನ ಪಟ್ಟಿಗೆ ಸೇರಲ್ಲ. ಬಿಲ್ ಇಲ್ಲದಿದ್ದರೂ ಮನೆಮಂದಿಗೆ ಗೊತ್ತಿರುತ್ತೆ ಅಲ್ವಾ?

ಇನ್ನು ಬೆಲೆ. ಮಾರುಕಟ್ಟೆ ಬೆಲೆ ಅಂದರೆ ಇದ್ದ ಸ್ಥಿತಿಯಲ್ಲಿ ಕೊಳ್ಳೋನು ಕೊಡೋ ದುಡ್ಡು. ಅಂಗಡಿಯಲ್ಲಿ ಹೊಸದು ಎಷ್ಟಿದೆ ಅನ್ನೋದು ಲೆಕ್ಕಕ್ಕಿಲ್ಲ. ತೀರಿಕೊಂಡ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಿದರೆ ತೀರಿಕೊಂಡ ದಿನದ ಬೆಲೆ ಹಿಡಿಯಬೇಕು. ವರ್ಷ ದಾಟಿದರೆ ಅರ್ಜಿ ಹಾಕೋ ದಿನದ ಬೆಲೆ. ಕೋರ್ಟ್ ಶುಲ್ಕ ಇದರ ಮೇಲೆಯೇ ನಿಲ್ಲುತ್ತದೆ. ನಿಮಗೆ 10 ತಿಂಗಳಾಗಿದೆ. ಬಂಗಾರದ ದರ ಏರುತ್ತಿದ್ದರೆ ವರ್ಷ ದಾಟಿದ ಮೇಲೆ ಅದೇ ಉಂಗುರಕ್ಕೆ ಶುಲ್ಕ ಜಾಸ್ತಿ ಕಟ್ಟುತ್ತೀರಿ. ದಯವಿಟ್ಟು ಈ ತಿಂಗಳೇ ಕೂತುಕೊಳ್ಳಿ.

ಮನೆ ಸಾಮಾನಿಗೆ ಸರ್ಕಾರಿ ಮೌಲ್ಯಮಾಪಕರನ್ನು ಹುಡುಕಿಕೊಂಡು ಅಲೆಯಬೇಡಿ. ಅರ್ಜಿಯ ಜೊತೆ ಕೊಡೋ ಮೌಲ್ಯದ ನಮೂನೆಯಲ್ಲಿ ಮನೆಯಲ್ಲಿನ ನಗದು, ಮನೆ ಸಾಮಾನು, ಬಟ್ಟೆ, ಪುಸ್ತಕ, ಬೆಳ್ಳಿ ಪಾತ್ರೆ, ಒಡವೆ ಎಲ್ಲ ಒಂದೇ ತಲೆಬರಹದ ಕೆಳಗೆ ಬರುತ್ತವೆ. ಅರ್ಜಿದಾರರು ತಮಗೆ ತಿಳಿದ ಮಟ್ಟಿಗೆ ನಂಬಿದ ಅಂದಾಜು ಬರೆದರೆ ಸಾಕು. ಆದರೆ ಆ ಅಂದಾಜು ಪ್ರಾಮಾಣಿಕವಾಗಿರಬೇಕು. ಅರ್ಜಿಯ ಪ್ರತಿ ಜಿಲ್ಲಾಧಿಕಾರಿಗೂ ಹೋಗುತ್ತದೆ, ಬೆಲೆ ಕಡಿಮೆ ಅನ್ನಿಸಿದರೆ ಅವರು ವಿಚಾರಿಸಬಹುದು. ಬೇಕಂತಲೇ ಸುಳ್ಳು ಬರೆದು ಸಹಿ ಹಾಕಿದರೆ ಶಿಕ್ಷೆಯೂ ಇದೆ.

ಅಡುಗೆಮನೆಯ ಸ್ಟೀಲ್ ಭಾಂಡೆ, ಹಾಸಿಗೆ, ಬಟ್ಟೆ ಒಂದೊಂದೇ ಎಣಿಸಬೇಡಿ. ಒಂದು ಸಾಲು, ಒಂದು ಮೊತ್ತ. ಹಂಡೆ, ಕೊಡ ತೂಗಿಸಿ, ಭಾಂಡೆ ಅಂಗಡಿಯಲ್ಲಿ ಹಳೆ ತಾಮ್ರ, ಹಿತ್ತಾಳೆಗೆ ಕೊಡೋ ದರ ಹಾಕಿ. ಸಾಗವಾನಿ ಮಂಚಕ್ಕೆ ಹಳೆ ಫರ್ನಿಚರ್ ಕೊಳ್ಳೋರನ್ನು ಇಬ್ಬರನ್ನಾದರೂ ಕೇಳಿ. ಬೈಕಿಗೆ ವಿಮೆ ಪಾಲಿಸಿಯಲ್ಲಿ ಬರೆದಿರೋ ಮೌಲ್ಯ ಒಳ್ಳೆ ಆಧಾರ. ಆರ್‌ಸಿ ವರ್ಗಾವಣೆಗೆ ಆರ್‌ಟಿಒ ಕೆಲಸ ಬೇರೆ ಇದೆ, ಅದು ಬಾಕಿ ಇದ್ದರೆ ಬೇಗ ಮುಗಿಸಿ.

ಬಂಗಾರದಲ್ಲಿ ಮಾತ್ರ ಅವಸರ ಬೇಡ. ನಾನು ನಡೆಸಿದ ಒಂದು ಕೇಸಿನಲ್ಲಿ ತಂದೆಯ ಡೈರಿಯಲ್ಲಿ 'ಬಂಗಾರ 8 ತೊಲೆ' ಅಂತಿತ್ತು. ಹಳೆ ತೊಲೆ ಅಂದರೆ 11.66 ಗ್ರಾಂ, 8 ತೊಲೆಗೆ 93.3 ಗ್ರಾಂ. ಈಗ ಎಷ್ಟೋ ಕಡೆ 10 ಗ್ರಾಮಿಗೇ ತೊಲೆ ಅಂತಾರೆ. ಆ ಲೆಕ್ಕಕ್ಕೆ 80 ಗ್ರಾಂ. ನಡುವಿನ 13 ಗ್ರಾಂ ಅಕ್ಕ ತೆಗೆದುಕೊಂಡಳು ಅಂತ ತಮ್ಮ, ನಾನು ಕಳ್ಳಿ ಅಲ್ಲ ಅಂತ ಅಕ್ಕ. ಎರಡು ವರ್ಷ ಮಾತಿಲ್ಲ. ಅದಕ್ಕೇ ಹೇಳ್ತೀನಿ, ತೊಲೆ ಬರೆಯಬೇಡಿ, ಗ್ರಾಂ ಬರೆಯಿರಿ. ಸರಾಫ ಬಜಾರಿನಲ್ಲಿ ಎಲ್ಲರ ಎದುರು ತೂಗಿಸಿ, ಒಟ್ಟು ತೂಕ, ಹರಳು ಮತ್ತು ಅರಗು ಕಳೆದ ಮೇಲಿನ ತೂಕ, ಶುದ್ಧತೆ, ಅಪ್ಪ ತೀರಿಕೊಂಡ ದಿನದ ದರ ಇಷ್ಟನ್ನೂ ಅಂಗಡಿಯ ಹಾಳೆ ಮೇಲೆ ಬರೆಸಿಕೊಳ್ಳಿ. ಹಳೆ ಗುಂಡುಗಳ ಹೊಟ್ಟೆಯಲ್ಲಿ ಅರಗು ತುಂಬಿರುತ್ತೆ. ಅದನ್ನು ಬಂಗಾರದ ದರದಲ್ಲಿ ಎಣಿಸಿದರೆ ಲೆಕ್ಕ ಸುಳ್ಳಾಗುತ್ತೆ. 22 ಕ್ಯಾರೆಟ್ ಅಂದರೆ ಶೇ 91.6 ಶುದ್ಧ. ಮಜೂರಿ, ವೇಸ್ಟೇಜ್, ಜಿಎಸ್‌ಟಿ ಸೇರಿಸಬೇಡಿ. ಹಾಲ್‌ಮಾರ್ಕ್ ಇಲ್ಲದ ಹಳೆ ಒಡವೆಯನ್ನು ಹಾಲ್‌ಮಾರ್ಕ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಬಹುದು.

ಕರಡಿಗೆಗೂ ಬೆಲೆ ಹಾಕಬೇಕು. ಬೆಳ್ಳಿಯ ತೂಕಕ್ಕೆ ಮಾತ್ರ. ಅದು ಯಾರ ಜಗಲಿ ಮೇಲೆ ಇರಬೇಕು ಅನ್ನೋದು ಬೇರೆ ಮಾತು. ವಿಲ್‌ನಲ್ಲಿ ಬರೆದಿಲ್ಲದಿದ್ದರೆ ಅವ್ವನನ್ನೇ ಕೇಳಿ.

ಮನೆ ಸಾಮಾನಷ್ಟೇ ಹುಡುಕುತ್ತಾ ಕೂತು ಜನ ಮರೆಯೋದು ಇನ್ನೊಂದಿದೆ. ಅಪ್ಪನಿಗೆ ಹೊಲ ಇತ್ತು ಅಂದಿರಿ. ಗೋದಾಮಿನಲ್ಲಿ ತೊಗರಿ ಚೀಲ ಇದ್ದವಾ? ಅಡತಿ ಅಂಗಡಿಯಿಂದ, ಅಂದರೆ ಕಮಿಷನ್ ಮೇಲೆ ಬೆಳೆ ಮಾರಿಕೊಡೋರಿಂದ, ಬರಬೇಕಾದ ಹಣ ಇತ್ತಾ? ಅದೂ ಆಸ್ತಿಯೇ. ತೊಗರಿಗೆ ಅಪ್ಪ ತೀರಿಕೊಂಡ ದಿನದ ಎಪಿಎಂಸಿ ದರ ಸಿಗುತ್ತದೆ. ಅದೇ ಅಡತಿಯವರ ಹತ್ತಿರ ಬೀಜ, ಗೊಬ್ಬರಕ್ಕೆ ತಂದ ಸಾಲ ಇದ್ದರೆ ಅದನ್ನು ಸಾಲದ ಪಟ್ಟಿಯಲ್ಲಿ ತೋರಿಸಿ ಕಳೆಯಬಹುದು. ಅಂತ್ಯಕ್ರಿಯೆಯ ಖರ್ಚನ್ನೂ ಕಳೆಯಬಹುದು.

ಟ್ಯಾಕ್ಸ್ ಬಗ್ಗೆ ತಮ್ಮನಿಗೆ ಧೈರ್ಯ ಹೇಳಿ. ತೀರಿಕೊಂಡವರ ಆಸ್ತಿ ಮೇಲಿನ ಎಸ್ಟೇಟ್ ಡ್ಯೂಟಿ 1985ರಲ್ಲೇ ಹೋಯಿತು. ವಿಲ್‌ನಿಂದ ಬಂದದ್ದಕ್ಕೆ ಆದಾಯ ತೆರಿಗೆಯೂ ಇಲ್ಲ. ಮುಂದೆ ಒಡವೆ ಮಾರಿದರೆ ಲಾಭದ ಮೇಲೆ ತೆರಿಗೆ ಬರಬಹುದು. ಆಗ ಅಪ್ಪ ಕೊಂಡಾಗಿನ ಬೆಲೆ ಲೆಕ್ಕಕ್ಕೆ ಬರುತ್ತದೆ, 2001ರ ಏಪ್ರಿಲ್ 1ಕ್ಕಿಂತ ಮೊದಲಿನದಾದರೆ ಆ ದಿನದ ಬೆಲೆಯನ್ನೂ ಹಿಡಿಯಬಹುದು. ಅದಕ್ಕೆ ಹಳೆ ಬಿಲ್ ಎಸೆಯಬೇಡಿ.

ಪ್ರೊಬೇಟ್ ಸಿಕ್ಕ ಮೇಲೂ ಕೆಲಸ ಇದೆ. 6 ತಿಂಗಳೊಳಗೆ ಪೂರ್ತಿ ಪಟ್ಟಿ, ಒಂದು ವರ್ಷದೊಳಗೆ ಲೆಕ್ಕ ಕೋರ್ಟಿಗೆ ಕೊಡಬೇಕು. ಈಗಲೇ ಪಟ್ಟಿ ಗಟ್ಟಿಯಾಗಿ ಮಾಡಿಕೊಂಡರೆ ಆಗ ನಿಮಗೆ ತ್ರಾಸ ಇಲ್ಲ.

ಇನ್ನೊಬ್ಬರ ಪ್ರಶ್ನೆ (ಯಾದಗಿರಿ):

ಮೇಡಂ, ನಮ್ಮಲ್ಲಿ ವಿಲ್ ಇದೆ, ಜಗಳ ಇಲ್ಲ. ನಾವೂ ಕೋರ್ಟಿಗೆ ಹೋಗಬೇಕಾ? ಮುತ್ಯಾನ ಪೆಟ್ಟಿಗೆಯಲ್ಲಿ ನಿಜಾಮರ ಕಾಲದ ಬೆಳ್ಳಿ ರೂಪಾಯಿ 40 ಇವೆ.

ಉತ್ತರ:

ಬೇಡ ಅಣ್ಣಾ. ನಮ್ಮ ಭಾಗದಲ್ಲಿ ವಿಲ್‌ಗೆ ಪ್ರೊಬೇಟ್ ಕಡ್ಡಾಯ ಅಲ್ಲ. ಎಲ್ಲರೂ ಒಪ್ಪಿದ್ದರೆ ಸಾಮಾನು ಹಂಚಿಕೊಂಡು, ಯಾರಿಗೆ ಏನು ಬಂತು ಅಂತ ಬರೆದು ಸಹಿ ಹಾಕಿ ಇಟ್ಟುಕೊಳ್ಳಿ. ಚರ ವಸ್ತು ಹಂಚಿಕೆಗೆ ನೋಂದಣಿಯೂ ಬೇಕಿಲ್ಲ. ಸಕ್ಸೆಷನ್ ಸರ್ಟಿಫಿಕೇಟ್ ಮಾಡಿಸಿ ಅಂತ ಯಾರಾದರೂ ಹೇಳಬಹುದು. ಅದು ಬ್ಯಾಂಕ್ ಹಣ, ಷೇರು, ಬರಬೇಕಾದ ಸಾಲ ಇಂಥವುಗಳಿಗೆ ಮಾತ್ರ. ಮಂಚ, ಬಂಗಾರಕ್ಕೆ ಅಲ್ಲ.

ರೂಪಾಯಿಗಳನ್ನು ಬೆಳ್ಳಿ ದರಕ್ಕೆ ಕರಗಿಸೋಕೆ ಕೊಡಬೇಡಿ. ಹಾಲಿ ಸಿಕ್ಕಾ ಅನ್ನೋ ನಿಜಾಮರ ರೂಪಾಯಿಯಲ್ಲಿ ಬೆಳ್ಳಿ ಸುಮಾರು ಶೇ 82, ತೂಕ 11 ಗ್ರಾಮಿಗಿಂತ ಸ್ವಲ್ಪ ಜಾಸ್ತಿ. ಅದು ಕನಿಷ್ಠ ಬೆಲೆ. ಕೆಲವು ಇಸವಿಯ ನಾಣ್ಯಕ್ಕೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ಇಸವಿ ಬರೆದುಕೊಂಡು, ಎರಡೂ ಬದಿಯ ಫೋಟೋ ತೆಗೆದು, ನಾಣ್ಯ ಬಲ್ಲವರಿಗೆ ತೋರಿಸಿ ಆಮೇಲೆ ಹಂಚಿ.

ಇನ್ನೊಬ್ಬರ ಪ್ರಶ್ನೆ (ಬೀದರ್):

ಅಸ್ಸಲಾಮು ಅಲೈಕುಂ ಮೇಡಂ. ನಮ್ಮ ಅಬ್ಬಾ ತಮ್ಮ ಆಸ್ತಿಯಲ್ಲಿ ಒಂದು ಪಾಲು ಮದರಸಾಕ್ಕೆ ವಸಿಯತ್ (ವಿಲ್) ಮಾಡಿದ್ದಾರೆ. ಮನೆಯಲ್ಲಿ ಹಳೆ ಬಿದ್ರಿ ಹುಕ್ಕಾ, ಪಾನ್‌ದಾನ್, ಸುರಾಹಿ (ಹೂಜಿ) ಇವೆ. ಮುತ್ತಾತನ ಕಾಲದವು. ಬೆಳ್ಳಿ ಎಷ್ಟಿದೆ ಅಂತ ತೂಗಿಸಿದರೆ ಸಾಕಾ? ದುಬೈಯಲ್ಲಿರೋ ಅಣ್ಣ ಸುರಾಹಿ ಒಯ್ಯುತ್ತೇನೆ ಅಂತಾನೆ.

ಉತ್ತರ:

ವ ಅಲೈಕುಂ ಅಸ್ಸಲಾಂ ಭಾಯಿ. ನಿಮ್ಮ ಮನೆಯಲ್ಲಿ ಬೆಲೆ ಕಟ್ಟೋದು ನಿಜಕ್ಕೂ ಮುಖ್ಯ. ವಸಿಯತ್ ನಡೆಯೋದು ಮೂರನೇ ಒಂದು ಪಾಲಿನವರೆಗೆ ಮಾತ್ರ, ಅದಕ್ಕಿಂತ ಜಾಸ್ತಿ ಆದರೆ ವಾರಸುದಾರರು ಒಪ್ಪಬೇಕು. ಕಫನ್-ದಫನ್ ಖರ್ಚು ಮತ್ತು ಸಾಲ ಕಳೆದ ಮೇಲೆ ಉಳಿದದ್ದರ ಮೂರನೇ ಒಂದು ಪಾಲು. ಅಮ್ಮಿಗೆ ಮೆಹರ್ (ನಿಕಾಹ್‌ನಲ್ಲಿ ಗಂಡ ಹೆಂಡತಿಗೆ ಕೊಡಲು ಒಪ್ಪಿದ ಹಣ) ಬಾಕಿ ಇದ್ದರೆ ಅದೂ ಸಾಲವೇ, ಮೊದಲು ಅದನ್ನು ತೀರಿಸಿ. ಬಿದ್ರಿಯ ಬೆಲೆ ತಪ್ಪಿದರೆ ಆ ಮೂರನೇ ಪಾಲೇ ತಪ್ಪುತ್ತದೆ.

ತೂಗಿಸಿದರೆ ಏನೂ ಸಿಗೋದಿಲ್ಲ. ಬಿದ್ರಿಯ ಮೈ ಸತು ಮತ್ತು ತಾಮ್ರದ ಮಿಶ್ರಣ, ಅದರಲ್ಲಿ ಸತುವೇ ಬಹುಪಾಲು. ಬೆಳ್ಳಿ ಬರೀ ತಂತಿ, ತಗಡಿನಷ್ಟು. ಬೆಲೆ ಇರೋದು ಕೈಕೆಲಸದಲ್ಲಿ, ವಯಸ್ಸಿನಲ್ಲಿ. ಚೌಬಾರಾ ಕಡೆ ತಲೆಮಾರಿನಿಂದ ಈ ಕೆಲಸ ಮಾಡೋ ಹಿರಿಯ ಕಾರೀಗರರು ಇದ್ದಾರೆ. ಇಬ್ಬರನ್ನು ಬೇರೆ ಬೇರೆಯಾಗಿ ಕರೆದು ತೋರಿಸಿ, ಬರೆಸಿಕೊಳ್ಳಿ. ಇಬ್ಬರ ಅಂದಾಜಿನಲ್ಲಿ ತುಂಬಾ ವ್ಯತ್ಯಾಸ ಬಂದರೆ ಮೂರನೆಯವರನ್ನು ಕೇಳಿ. ಅದಕ್ಕೂ ಮೊದಲು ಹುಣಸೆಹಣ್ಣು, ಪೌಡರ್ ಹಾಕಿ ತಿಕ್ಕಬೇಡಿ. ಕೋಟೆಯ ಮಣ್ಣಿನಿಂದ ಬಂದ ಆ ಕಪ್ಪು ಬಣ್ಣ ಹೋದರೆ ಬೆಲೆಯೂ ಹೋಗುತ್ತದೆ. ಇದನ್ನು ನೋಡಿ ನನಗೆ ತುಂಬಾ ಸಂಕಟ ಆಗಿದೆ, ಅದಕ್ಕೇ ಒತ್ತಿ ಹೇಳ್ತಿದ್ದೀನಿ.

ಅಣ್ಣನಿಗೆ ಸುರಾಹಿ ಈಗಲೇ ಕೊಡಬೇಡಿ. 100 ವರ್ಷ ದಾಟಿದ ಇಂಥ ಕಲಾವಸ್ತು 1972ರ ಕಾಯ್ದೆಯಂತೆ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದಾಚೆ ಒಯ್ಯುವಂತಿಲ್ಲ. ವಿಮಾನ ನಿಲ್ದಾಣದಲ್ಲಿ ಹಿಡಿದರೆ ಕೇಸು. ಅವರ ಪಾಲಿಗೆ ಅದೇ ಬಂದರೂ ಬೀದರಿನ ಮನೆಯಲ್ಲೇ ಇರಲಿ.

ಬ್ರಹ್ಮಪುರದವರು ಮತ್ತೆ:

ಮೇಡಂ, ಭಾನುವಾರ ಎಲ್ಲರೂ ಕೂತೆವು. ಸಣ್ಣ ತಮ್ಮನೂ ಬಂದ. ಅವ್ವನ ಒಡವೆಯ ಹಾಳೆಗೆ ಮೊದಲು ಅವನೇ ಸಹಿ ಹಾಕಿದ. ಅಪ್ಪನ ಉಂಗುರ 7.8 ಗ್ರಾಂ ಬಂತು. ಅಡತಿಯಿಂದ ಬರಬೇಕಾದ ಹಣದ ಚೀಟಿ ಅಪ್ಪನ ಪುಸ್ತಕದ ನಡುವೆ ಸಿಕ್ಕಿತು, ನೀವು ಹೇಳದಿದ್ದರೆ ನೋಡುತ್ತಿರಲಿಲ್ಲ. ಪುಸ್ತಕ ರದ್ದಿ ದರಕ್ಕೆ ಹಾಕಲಾ? ಕರಡಿಗೆ ಸಣ್ಣವನಿಗೆ ಕೊಡು ಅಂದರು ಅವ್ವ.

ಉತ್ತರ:

ಒಳ್ಳೆಯದಾಯಿತು ಅಕ್ಕಾ. ಪುಸ್ತಕ ರದ್ದಿಗೆ ಬೇಡ, ಹಳೆ ಪುಸ್ತಕ ಕೊಳ್ಳೋರ ದರ ಕೇಳಿ ಒಟ್ಟಿಗೆ ಒಂದು ಮೊತ್ತ ಬರೆಯಿರಿ. ಆ ಚೀಟಿಯ ಜೆರಾಕ್ಸ್ ಮಾಡಿಸಿ, ಮೂಲ ಪ್ರತಿ ವಕೀಲರ ಕೈಗೆ ಕೊಡಿ. ಕರಡಿಗೆಯನ್ನು ಕೈಗೆ ಕೊಡೋದು ಪ್ರೊಬೇಟ್ ಬಂದ ಮೇಲೆ. ಅಲ್ಲಿಯವರೆಗೆ ಜಗಲಿ ಮೇಲೇ ಇರಲಿ. ತೂಕ ಪಟ್ಟಿಯಲ್ಲಿ ಇದೆ ತಾನೇ? ಇನ್ನೊಮ್ಮೆ ನೋಡಿಬಿಡಿ.