ಅಗೇಟ್ ಅಂದರೆ ಗೋಮೇಧಿಕವೇ?

ಎಲ್ಲರಿಗೂ ನಮಸ್ಕಾರ.

ಪ್ರೌಢಶಾಲೆಯ ಮಕ್ಕಳಿಗಾಗಿ ಕಲ್ಲುಗಳ ಬಗ್ಗೆ ಪುಸ್ತಿಕೆಯೊಂದನ್ನು ಬರೆಯುತ್ತಿದ್ದೇನೆ. ಕರಡು ನೋಡಿದ ಗೆಳೆಯರೊಬ್ಬರು ‘ಅಗೇಟ್’ ಇದ್ದ ಕಡೆಯೆಲ್ಲ ‘ಗೋಮೇಧಿಕ’ ಎಂದು ತಿದ್ದಿದ್ದಾರೆ. ನನಗೆ ಒಪ್ಪಿಗೆಯಾಗುತ್ತಿಲ್ಲ.

ನವರತ್ನದ ಉಂಗುರದಲ್ಲಿ ರಾಹುವಿನ ಪಾಲಿನ ಗೋಮೇಧಿಕ ಜೇನಿನ ಬಣ್ಣದ್ದು. ಅದು ಗಾರ್ನೆಟ್ ಎಂಬ ಖನಿಜಗಳ ಗುಂಪಿಗೆ ಸೇರಿದ ಹೆಸೊನೈಟ್. ಅಗೇಟ್ ಬೇರೆಯೇ. ಅದು ಸಿಲಿಕ, ನಮ್ಮ ಬೆಣಚುಕಲ್ಲಿನ ಕುಲದ್ದು, ಹರಳುಗಳು ಮಾತ್ರ ಕಣ್ಣಿಗೆ ಕಾಣದಷ್ಟು ಸಣ್ಣವು. ಲಾವಾ ಆರುವಾಗ ಒಳಗೆ ಸಿಕ್ಕಿಕೊಂಡ ಗುಳ್ಳೆಗಳು ಪೊಳ್ಳಾಗಿ ಉಳಿಯುತ್ತವೆ. ಸಿಲಿಕ ಕರಗಿದ ನೀರು ಅಲ್ಲಿಗೆ ಜಿನುಗಿ, ಗೋಡೆಯಿಂದ ಒಳಕ್ಕೆ ಪದರದ ಮೇಲೆ ಪದರ ಕಟ್ಟುತ್ತದೆ. ಕೊಯ್ದು ನುಣುಪು ಮಾಡಿದರೆ ಈರುಳ್ಳಿ ಹೆಚ್ಚಿದಂತೆ ಸುತ್ತುಸುತ್ತು ಗೆರೆಗಳು. ಕಬ್ಬಿಣದ ಅಂಶ ಸೇರಿದಲ್ಲಿ ಕೆಂಪು, ಕಂದು. ಗುಜರಾತಿನ ಖಂಭಾತ್‌ನ ಕುಶಲಕರ್ಮಿಗಳು ಕಲ್ಲನ್ನು ಕಾಯಿಸಿ ಆ ಕೆಂಪನ್ನು ಎಬ್ಬಿಸುತ್ತಾರೆ. ಅವರ ಬಾಯಲ್ಲಿ ಇದು ‘ಅಕೀಕ್’, ಅರಬ್ಬಿ ಮೂಲದ ಮಾತು. ವಜ್ರಕ್ಕೆ 10 ಕೊಡುವ ಮೋಸ್ ಅಳತೆಯಲ್ಲಿ ಗಡಸುತನ 6.5ರಿಂದ 7 ಇರುವುದರಿಂದ ಒಡವೆಗಷ್ಟೇ ಅಲ್ಲ, ಪ್ರಯೋಗಾಲಯದ ಪುಟ್ಟ ಕುಟ್ಟಾಣಿಗೂ ಹಳೆಯ ತಕ್ಕಡಿಗಳ ದಂಡ ಆತು ತೂಗುವ ಅಲಗಿಗೂ ಒದಗಿದೆ.

ಇನ್ನು ಗೋಮೇಧಿಕದ ಮಹಾಪ್ರಾಣ. ಸಂಸ್ಕೃತದಲ್ಲಿ ಅದು ಗೋಮೇದ, ಗೋಮೇದಕ. ಮೇದ ಎಂದರೆ ಕೊಬ್ಬು. ಹಸುವಿನ ಕೊಬ್ಬಿನ ಬಣ್ಣ ಹೆಸರಲ್ಲೇ ಇದೆ. ‘ಧ’ ಬರೆದರೆ ಅಶ್ವಮೇಧದ ಹಾಗೆ ಯಾಗ ನೆನಪಾಗುತ್ತದೆ. ರೂಢಿ ಗೆದ್ದಿದೆ, ಅದಕ್ಕೆ ತಕರಾರಿಲ್ಲ. ಆದರೆ ಹೆಸರಿನೊಳಗಿನ ಬಣ್ಣ ಮರೆತುಹೋದದ್ದರಿಂದಲೇ ಅದು ಅಗೇಟಿಗೂ ಸಲೀಸಾಗಿ ಅಂಟಿಕೊಂಡಿತು ಅನಿಸುತ್ತದೆ.

‘ಗೆರೆಗಲ್ಲು’ ಎಂದು ಕಟ್ಟಿ ನೋಡಿದೆ. ಕಿವಿಗೆ ಹಿತ. ಆದರೆ ಒಳಗೆ ಪಾಚಿ ಹಬ್ಬಿದಂತೆ ಕಾಣುವ ಮಾಸ್ ಅಗೇಟಿಗೆ ಗೆರೆಯೇ ಇಲ್ಲವಲ್ಲ! ಸದ್ಯಕ್ಕೆ ‘ಅಕೀಕು’ ಎಂದು ಕನ್ನಡದ ಉಕಾರ ಹಚ್ಚಿ ಬಳಸುವತ್ತ ಮನಸ್ಸು ವಾಲಿದೆ.

ಅದಕ್ಕೂ ಮೊದಲು ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರನ್ನು ಕೇಳಬೇಕು. ದಖನ್ನಿನ ಲಾವಾ ಹರಡಿದ ನೆಲ ವಿಜಯಪುರ, ಕಲಬುರಗಿ ಕಡೆಯದು. ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಅಗೇಟಿನ ಮಣಿಗಳೂ ಸಿಕ್ಕಿವೆ. ಇಷ್ಟು ಕಾಲದಿಂದ ಕೈಯಲ್ಲಿ ಆಡಿದ ಕಲ್ಲಿಗೆ ಊರಮಾತಿನಲ್ಲಿ ಹೆಸರಿಲ್ಲದೆ ಇದ್ದೀತೆ? ಎರೆಹೊಲದಲ್ಲೋ ಹಳ್ಳದ ದಂಡೆಯಲ್ಲೋ ಸಿಗುವ ಇಂಥ ಕಲ್ಲನ್ನು ನಿಮ್ಮ ಮನೆಯ ಹಿರಿಯರು ಏನೆಂದು ಕರೆಯುತ್ತಿದ್ದರು? ಚಕಮಕಿ ಕಲ್ಲು ಎಂದೇ, ಬೇರೆ ಹೆಸರೂ ಇತ್ತೇ? ಕೇಳಿದ ಮಾತನ್ನು ಕೇಳಿದ ಹಾಗೆಯೇ, ಯಾವ ತಾಲ್ಲೂಕು ಎಂಬುದರ ಸಹಿತ ಬರೆಯಿರಿ.